ನಾಲ್ಕು ಬೆರಳಿನ ಜಾಗ

ದಿಮ್ಮಿ ಮನೆ ಕೊಳ್ಳಲು ಬರುವವರಿಗೆ ಮರದ ವಾಸನೆ ಮೂಗಿಗೆ ಬಡಿದ ತಕ್ಷಣ ಬುದ್ಧಿ ಕೈಕೊಡುತ್ತದೆ. ಗೋಡೆ ತಟ್ಟಿ ನೋಡುತ್ತಾರೆ, ದಿಮ್ಮಿಯ ಮೈ ಸವರುತ್ತಾರೆ, ಕಿಟಕಿ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕರೆಂಟು ಎಲ್ಲಿಂದ ಏರುತ್ತದೆ, ನೀರು ಎಲ್ಲಿ ಇಳಿದು ಹೋಗುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ಬಂದು ಆರು ತಿಂಗಳಾದ ಮೇಲೆ ಫೋನ್ ಮಾಡಿ, "ಇಲ್ಲೊಂದು ಪ್ಲಗ್ ಪಾಯಿಂಟ್ ಬೇಕಿತ್ತಲ್ಲ" ಅನ್ನುತ್ತಾರೆ. ಗೋಡೆ ಏಳುವ ಮೊದಲು ಬಾಯಿಗೆ ಬೀಗ ಹಾಕಿಕೊಂಡಿದ್ದಿರಾ ಎಂದು ಕೇಳಬೇಕೆನ್ನಿಸುತ್ತದೆ. ಕೇಳುವುದಿಲ್ಲ, ಹಲ್ಲು ಕಚ್ಚಿಕೊಂಡು "ನೋಡೋಣ" ಅನ್ನುತ್ತೇನೆ.

ಇಟ್ಟಿಗೆ ಗೋಡೆಯಾದರೆ ಯಾವಾಗ ಬೇಕಾದರೂ ಕೆತ್ತಿ, ವೈರ್ ಹೂತು, ಗಾರೆ ಬಳಿದು ಮುಚ್ಚಬಹುದು. ದಿಮ್ಮಿ ಗೋಡೆ ಹಾಗಲ್ಲ. ಒಳಗೂ ಹೊರಗೂ ಒಂದೇ ಮರ. ಕ್ರೇನ್ ಒಂದು ದಿಮ್ಮಿಯ ಮೇಲೆ ಇನ್ನೊಂದನ್ನು ತಂದು ಕೂರಿಸುವ ಮೊದಲೇ ಅದಕ್ಕೆ ಮೇಲಿಂದ ಕೆಳಗೆ ಆರಪಾರ ತೂತು ಕೊರೆದಿರಬೇಕು. ಮೇಲಿನ ದಿಮ್ಮಿಯ ತೂತು ಕೆಳಗಿನದಕ್ಕೆ ಸರಿಯಾಗಿ ಕೂಡಬೇಕು. ಆ ದಾರಿಯಲ್ಲೇ ವೈರ್ ಮೇಲಕ್ಕೆ ಬರುತ್ತದೆ. ಹದಿನಾಲ್ಕು ದಿಮ್ಮಿಗಳಲ್ಲಿ ಒಂದೇ ಒಂದಕ್ಕೆ ತೂತು ತಪ್ಪಿದರೆ ಆ ದಾರಿ ಅಲ್ಲಿಗೆ ಮುಗಿಯಿತು. ಆಮೇಲೆ ಚೆಂದದ ಮರದ ಮೈಮೇಲೆ ಪ್ಲಾಸ್ಟಿಕ್ ಪಟ್ಟಿ ಹೊಡೆದು ವೈರ್ ಎಳೆಯಬೇಕು, ಮನೆಯವರು ಸಾಯುವ ತನಕ ಅದನ್ನು ನೋಡಿ ನಮ್ಮನ್ನು ಬೈಯಬೇಕು.

ಈ ಕೆಲಸ ನನಗೆ ಕಲಿಸಿದವನು ನನ್ನ ಅಣ್ಣ. ಇಪ್ಪತ್ತಾರು ವರ್ಷದಿಂದ ಅವನದು ಪೈಪು, ನನ್ನದು ವೈರು. ಕಾಗದದ ಮೇಲೆ ನಾವಿಬ್ಬರೂ ಪಾಲುದಾರರು. ನಿಜ ಹೇಳಬೇಕೆಂದರೆ ಅವನು ಯಜಮಾನ, ನಾನು ಬೈಸಿಕೊಳ್ಳುವವನು. ಅದರ ಬಗ್ಗೆ ನನಗೆ ಯಾವತ್ತೂ ಬೇಸರವಿರಲಿಲ್ಲ. ಅವನ ಕೈ ಅಂಥದ್ದು.

ಮನೆ ಮುಗಿದು ಬೀಗದ ಕೈ ಕೊಡುವ ದಿನ ಅಣ್ಣ ಹೊಸಬರಿಗೆ ಒಂದು ಪಾಠ ಮಾಡುತ್ತಿದ್ದ. ಬೇರೆ ಯಾವ ಪ್ಲಂಬರನೂ ಮಾಡುವುದಿಲ್ಲ. ಗಂಡ ಹೆಂಡತಿಯನ್ನು ಮುಂದೆ ನಿಲ್ಲಿಸಿಕೊಂಡು ಕೋಣೆ ಕೋಣೆ ಸುತ್ತಿಸುತ್ತಿದ್ದ.

"ಮರ ಒಣಗ್ತಾ ಒಣಗ್ತಾ ಕುಗ್ಗುತ್ತೆ ಮೇಡಂ. ಮೂರು ವರ್ಷದಲ್ಲಿ ಈ ಮಹಡಿ ನಾಲ್ಕು ಬೆರಳು ಕೆಳಗೆ ಬಂದಿರುತ್ತೆ. ಹೆದರ್ಬೇಡಿ, ಎಲ್ಲಾ ದಿಮ್ಮಿ ಮನೆನೂ ಇಳಿಯುತ್ತೆ. ಮದುವೆ ಆದ್ಮೇಲೆ ಸರ್ ಕೂಡ ಸ್ವಲ್ಪ ಇಳಿದಿರ್ಬೇಕಲ್ಲ, ಹಾಗೇ. ಆದ್ರೆ ಮರ ಇಳಿಯುತ್ತೆ, ಪೈಪ್ ಇಳಿಯಲ್ಲ. ಅವೆರಡಕ್ಕೂ ಜಗಳ ಆಗ್ಬಾರ್ದು ಅಂತ ನಾನು ಮಧ್ಯ ಜಾಗ ಬಿಟ್ಟಿರ್ತೀನಿ."

ಆ ಜಾಗವೇ ಜಾರು ಜಾಯಿಂಟ್. ಒಂದು ಪೈಪಿನೊಳಗೆ ಇನ್ನೊಂದು ನಾಲ್ಕು ಬೆರಳು ಜಾರಿಕೊಳ್ಳುವ ಹಾಗೆ ಕೂರಿಸುವುದು. ಮಹಡಿಯ ಬಚ್ಚಲಿನಿಂದ ಕೆಳಗಿಳಿಯುವ ಪ್ರತಿ ಪೈಪಿಗೂ ಅದು ಬೇಕೇ ಬೇಕು. ದಿಮ್ಮಿ ಮನೆಯ ಪ್ಲಂಬರನಿಗೆ ಅದು ಅ ಆ ಇ ಈ.

ಅಣ್ಣ ಮರೆಯುತ್ತಿದ್ದಾನೆ ಎಂದು ನನಗೆ ಮೊದಲು ಗೊತ್ತಾದದ್ದು ಆ ಪಾಠದಲ್ಲೇ. ಹೋದ ವರ್ಷ ಒಬ್ಬ ವಕೀಲರ ಮನೆಯಲ್ಲಿ ನಿಂತು, ಅದಕ್ಕಿಂತ ಹಿಂದಿನ ಮನೆಯ ಪೈಪುಗಳ ದಾರಿಯನ್ನೆಲ್ಲ ಚಾಚೂ ತಪ್ಪದೆ ವಿವರಿಸಿದ. ಇಲ್ಲದ ಗೋಡೆಯ ಕಡೆ ಕೈ ತೋರಿಸಿ, "ಇದರೊಳಗೆ ಬಿಸಿನೀರು" ಅಂದ. ವಕೀಲರು ತಲೆಯಾಡಿಸಿದರು. ಗೋಡೆ ಇಲ್ಲದಿದ್ದರೂ ತಲೆಯಾಡಿಸುವ ಜನ. ಅಣ್ಣ ಹೊರಗೆ ಹೋದ ಮೇಲೆ ನಾನು ಅವರಿಗೆ ಸರಿಯಾದದ್ದನ್ನು ತೋರಿಸಿ, ತಮಾಷೆ ಎಂಬಂತೆ ನಕ್ಕುಬಿಟ್ಟೆ.

ಅಲ್ಲಿಂದ ನನ್ನ ಎರಡನೇ ಕೆಲಸ ಶುರುವಾಯಿತು. ಅಣ್ಣ ಊಟಕ್ಕೆ ಕೂತಾಗ ನಾನು ಟಾರ್ಚ್ ಹಿಡಿದು ಅವನು ಮಾಡಿದ್ದನ್ನೆಲ್ಲ ಒಂದು ಸುತ್ತು ನೋಡುವುದು. ಸಡಿಲ ಬಿಟ್ಟದ್ದನ್ನು ಬಿಗಿಯುವುದು, ಮರೆತ ಕ್ಲಾಂಪ್ ಹಾಕುವುದು, ಬಾಯಿ ಮುಚ್ಚಿಕೊಂಡು ಬಂದು ಪಕ್ಕದಲ್ಲಿ ಕೂರುವುದು. ಅವನು, "ಎಲ್ಲೋ ಹಾಳಾಗಿ ಹೋಗಿದ್ದೆ?" ಅಂದರೆ, "ಹೊಟ್ಟೆ ಸರಿ ಇಲ್ಲ" ಅನ್ನುವುದು. ಒಂದು ವರ್ಷ ನನ್ನ ಹೊಟ್ಟೆ ಸರಿಯಿರಲೇ ಇಲ್ಲ.

ಅತ್ತಿಗೆಗೂ ಗೊತ್ತಿತ್ತು. ಒಂದು ದಿನ ಬಟ್ಟೆ ಮಡಿಸುತ್ತಾ ತಲೆ ಎತ್ತದೆ ಹೇಳಿದರು: "ಡಾಕ್ಟರ ಹತ್ರ ಬಾ ಅಂದ್ರೆ ತಟ್ಟೆ ಎಸೀತಾರೆ. ಕೆಲಸ ಬಿಡು ಅಂದ್ರೆ ಅವತ್ತೇ ಸತ್ತುಹೋಗ್ತಾರೆ. ನೀನು ಪಕ್ಕದಲ್ಲಿ ಇರೋ ತನಕ ನಡೆಯುತ್ತೆ ಕಣಪ್ಪ. ನೀನು ಮಾತ್ರ ಬಿಟ್ಟು ಕದಲಬೇಡ."

"ನಾನೆಲ್ಲಿ ಹೋಗ್ತೀನಿ ಅತ್ತಿಗೆ" ಅಂದೆ. ಅಂದುಬಿಡುವುದು ಎಷ್ಟು ಸುಲಭ.

ಗಡಿಯಾರ ರಿಪೇರಿ ಮಾಡುವವರ ಮನೆಯಿಂದ ಫೋನ್ ಬಂದದ್ದು ಮೊನ್ನೆ ಚಳಿಗಾಲ ಮುಗಿಯುವ ಹೊತ್ತಿಗೆ. ಅವರ ಮನೆ ನಾವು ಮಾಡಿಕೊಟ್ಟು ಎರಡು ವರ್ಷವಾಗಿತ್ತು. ಗಂಡ ಹೆಂಡತಿ ಇಬ್ಬರೇ. ಗಂಡ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಮನುಷ್ಯ, ಆದ್ದರಿಂದ ದೂರು ಕೂಡ ಕೂದಲೆಳೆಯಷ್ಟು ಖಚಿತವಾಗಿತ್ತು. ಮಹಡಿಯ ಬಚ್ಚಲಿನ ನೆಲ ನಡುವೆ ಉಬ್ಬಿದೆ, ಕಮೋಡ್ ಎಡಕ್ಕೆ ವಾಲಿದೆ, ಅಡುಗೆಮನೆಯ ಚಾವಣಿಯಲ್ಲಿ ಅಂಗೈ ಅಗಲದ ಕಂದು ಕಲೆ, ದಿನಕ್ಕಿಷ್ಟು ಬೆಳೆಯುತ್ತಿದೆ.

ಹೋಗಿ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮನೆಯೆಲ್ಲ ಮೂರು ಬೆರಳು ಇಳಿದಿದೆ, ಬಚ್ಚಲಿನ ನಡು ಮಾತ್ರ ಇಳಿದಿಲ್ಲ. ಅಂದರೆ ಕೆಳಗಿನಿಂದ ಏನೋ ಅದನ್ನು ಎತ್ತಿ ಹಿಡಿದಿದೆ. ಪೈಪು ಬಿಟ್ಟು ಇನ್ನೇನು ಹಿಡಿಯುತ್ತದೆ? ಆ ಮನೆಗೆ ಪೈಪು ಹಾಕಿದ ಎರಡು ವಾರ ನಾನು ಕೈ ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದೆ. ವಕೀಲರ ಮನೆಗೂ ಒಂದು ವರ್ಷ ಹಿಂದಿನ ಮಾತು. ಮರೆವು ನಾನು ಅಂದುಕೊಂಡದ್ದಕ್ಕಿಂತ ಮೊದಲೇ ಒಳಗೆ ಬಂದು ಕೂತಿತ್ತು.

ಅಣ್ಣನನ್ನು ಕರೆಯದೆ ನಾನೇ ಸರಿಮಾಡಿ ಬರಬಹುದಿತ್ತು. ಆದರೆ ಅವನು ವ್ಯಾನಿನಿಂದ ಸಲಕರಣೆ ಇಳಿಸಿಕೊಂಡು ಆಗಲೇ ಒಳಗೆ ಬಂದಿದ್ದ. ಅಡುಗೆಮನೆಯ ಹಿಂದಿನ ತೆಳು ಗೋಡೆಯ ಹಲಗೆಗಳನ್ನು ಒಂದೊಂದಾಗಿ, ಒಂದು ಮೊಳೆಯೂ ಬಗ್ಗದ ಹಾಗೆ ಬಿಚ್ಚಿದ. ಒಳಗೆ ಪೈಪು ನೆಟ್ಟಗೆ ನಿಂತಿತ್ತು. ನೆಲದಿಂದ ಮಹಡಿಯವರೆಗೆ ಒಂದೇ ಸಮ, ಅಂಟು ಹಾಕಿ, ಎರಡು ಕಡೆ ಕ್ಲಾಂಪ್ ಬಿಗಿದು. ಜಾರು ಜಾಯಿಂಟಿಲ್ಲ. ಮೇಲಿನ ಮೂಲೆಯಲ್ಲಿ ಬಿರುಕು ಬಿಟ್ಟು ನೀರು ಜಿನುಗುತ್ತಿತ್ತು.

"ಥೂ!" ಅಂದ ಅಣ್ಣ. "ಯಾವ ಕತ್ತೆ ಮಾಡಿದ್ದೋ ಇದನ್ನ? ಇವನಿಗೆ ಪೈಪ್ ಮುಟ್ಟೋಕೆ ಬಿಟ್ಟವರು ಯಾರು? ಮನೆ ಇಳಿಯುತ್ತೆ ಅಂತ ಇವನ ಅಪ್ಪ ಹೇಳ್ಕೊಟ್ಟಿಲ್ವಾ?"

ಗಡಿಯಾರದವರ ಹೆಂಡತಿ ಗಂಡನ ಮುಖ ನೋಡಿದರು. ನಾನು ನೆಲ ನೋಡಿದೆ.

ಅಣ್ಣನಿಗೊಂದು ಅಭ್ಯಾಸ. ಮುಗಿಸಿದ ಪ್ರತಿ ಪೈಪಿನ ಮೇಲೂ ಪೆನ್ಸಿಲಿನಲ್ಲಿ ತಾರೀಖು ಬರೆದು ಅಡಿಗೆರೆ ಎಳೆಯುತ್ತಾನೆ. ಅವನು ಟಾರ್ಚನ್ನು ಪೈಪಿನ ಉದ್ದಕ್ಕೂ ಇಳಿಸುತ್ತಾ ಬಂದ. ಬೆಳಕು ಆ ತಾರೀಖಿನ ಮೇಲೆ ನಿಂತಿತು. ಅವನ ಏಳು, ನಡುವೆ ಅಡ್ಡಗೀಟು ಎಳೆದು ಸೊಂಟಕ್ಕೆ ಪಟ್ಟಿ ಕಟ್ಟಿದ ಏಳು. ಬೇರೆ ಯಾರೂ ಹಾಗೆ ಬರೆಯುವುದಿಲ್ಲ.

"ನನ್ನ ಅಕ್ಷರದ ಥರಾನೇ ಇದೆಯಲ್ಲೋ" ಅಂದ.

ದನಿ ಸಣ್ಣದಾಗಿತ್ತು. ತಿರುಗಿ ನನ್ನನ್ನು ನೋಡಿದ. ಆ ಕಣ್ಣನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಪ್ಪ ಸತ್ತ ದಿನವೂ ಅಣ್ಣ ಹಾಗೆ ನೋಡಿರಲಿಲ್ಲ. ಕಾಲ ಕೆಳಗಿನ ನೆಲ ಎಲ್ಲಿ ಹೋಯಿತೆಂದು ನನ್ನನ್ನು ಕೇಳುವ ಹಾಗಿತ್ತು. ಅವನಿಗೆ ಅನುಮಾನವಿತ್ತು, ಎಷ್ಟೋ ದಿನದಿಂದ ಇತ್ತು, ಒಬ್ಬನೇ ಅದನ್ನು ನುಂಗಿಕೊಂಡು ಓಡಾಡುತ್ತಿದ್ದ. ಅದು ಆ ಒಂದು ಗಳಿಗೆಯಲ್ಲಿ ನನಗೆ ತಿಳಿಯಿತು. ನನ್ನ ಕೈಲಿ ತಡೆಯಲಾಗಲಿಲ್ಲ.

"ನಾನೇ ಅಣ್ಣ" ಅಂದೆ. "ನಾನೇ ಹಾಕಿದ್ದು. ನಿನಗೆ ಅವತ್ತು ಬೇರೆ ಕಡೆ ಕೆಲಸ ಇತ್ತು. ತಾರೀಖು ಕೂಡ ನಿನ್ನ ಥರಾನೇ ಬರೆದೆ. ಮುಚ್ಚಿಟ್ಟಿದ್ದೆ."

ಗಡಿಯಾರದವರು, "ಅಲ್ಲ, ಆಗ ನಿಮ್ಮ ಕೈಗೆ ಪಟ್ಟಿ..." ಎಂದು ಬಾಯಿ ತೆಗೆದರು. ನಾನು ದುರುಗುಟ್ಟಿ ನೋಡಿದೆ. ಅವರು ಕೆಟ್ಟ ಮನುಷ್ಯರಲ್ಲ. ಅರ್ಥವಾಯಿತೆಂದು ಕಾಣುತ್ತದೆ, ಕನ್ನಡಕ ತೆಗೆದು ಒರೆಸಲು ಶುರುಮಾಡಿದರು.

ಅಣ್ಣನ ಮುಖಕ್ಕೆ ರಕ್ತ ವಾಪಸ್ಸು ಬಂತು. ಮೊದಲು ಬಂದದ್ದು ನೆಮ್ಮದಿ, ಅದನ್ನು ನಾನು ಕಣ್ಣಾರೆ ಕಂಡೆ. ಅದರ ಹಿಂದೆಯೇ ಸಿಟ್ಟು. ಇಪ್ಪತ್ತಾರು ವರ್ಷದಲ್ಲಿ ಅವನು ನನ್ನನ್ನು ಬೈದದ್ದೆಲ್ಲ ಒಟ್ಟು ಸೇರಿಸಿದರೂ ಅಷ್ಟಾಗುವುದಿಲ್ಲ. ಪೈಪಿನಿಂದ ಶುರುಮಾಡಿ ನನ್ನ ಸ್ಕೂಲಿನ ಮಾರ್ಕ್ಸ್ ತನಕ ಹೋದ. ಕೊನೆಗೆ ಅಂದ: "ಗೊತ್ತಿಲ್ಲದೆ ಮಾಡಿದ್ರೆ ಕ್ಷಮಿಸ್ತಿದ್ದೆ. ನನ್ನ ಕೈಬರಹ ಕದ್ದು ಮುಚ್ಚಿಟ್ಟೆಯಲ್ಲ. ಇನ್ನು ನನ್ನ ಕೆಲಸಕ್ಕೆ ನೀನು ಕಾಲಿಡಬೇಡ. ವೈರೂ ನಾನೇ ನೋಡ್ಕೋತೀನಿ."

ನಾನು ಹೊರಗೆ ಬಂದು ವ್ಯಾನಿನ ಪಕ್ಕ ಕೂತೆ. ಒಳಗೆ ಅಣ್ಣ ಒಬ್ಬನೇ ಪೈಪು ಕೊಯ್ದು, ಜಾರು ಜಾಯಿಂಟ್ ಕೂರಿಸಿ, ನೀರು ಬಿಟ್ಟು ನೋಡಿ, ಹಲಗೆ ಮುಚ್ಚಿದ. ನಾಲ್ಕು ಗಂಟೆಯ ಕೆಲಸ. ಆಮೇಲೆ ಗಡಿಯಾರದವರೇ ಹೇಳಿದರು, ಎಲ್ಲ ಅಚ್ಚುಕಟ್ಟಾಗಿದೆಯೆಂದು. ಅದನ್ನು ಕೇಳಿ ನನಗೆ ಒಂದೆರಡು ದಿನ ಆಸೆಯೂ ಹುಟ್ಟಿತ್ತು. ಕೈಗೆ ಎಲ್ಲ ನೆನಪಿದೆ, ಕೈ ನೋಡಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮುಳುಗುವವನಿಗೆ ಹುಲ್ಲುಕಡ್ಡಿ.

ಅತ್ತಿಗೆಗೆ ನಡೆದದ್ದನ್ನೆಲ್ಲ ಹೇಳಿದೆ.

"ನಿನ್ನೆ ಹೊಟ್ಟೆ ತುಂಬ ಊಟ ಮಾಡಿದ್ರು" ಅಂದರು. "ಎಷ್ಟೋ ತಿಂಗಳಾದ್ಮೇಲೆ ಗೊರಕೆ ಹೊಡೆದು ಮಲಗಿದ್ರು. ನಾನೇನು ಅಂದ್ಕೊಂಡೆ, ಒಳ್ಳೇದಾಯ್ತು ಅಂದ್ಕೊಂಡೆ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹೊಸ ಮನೆ ಕೆಲಸಕ್ಕೆ ಒಬ್ಬರೇ ಹೋಗ್ತಾರಲ್ಲೋ. ನೀನು ಇದನ್ನ ಯೋಚನೆ ಮಾಡ್ಲಿಲ್ವಾ?"

ಮಾಡಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಬಾಯಿಪಾಠ ಇತ್ತು, ಬೇಕಾದ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ ಅಷ್ಟೆ.

ಮಾರನೆಯ ದಿನ ಅಣ್ಣನ ಎದುರು ನಿಂತು ನಿಜ ಹೇಳಿದೆ. ಕೈ ಮುರಿದಿತ್ತು, ಆ ಎರಡು ವಾರ ನಾನು ಆ ಮನೆಗೆ ಹೋಗಿಯೇ ಇರಲಿಲ್ಲ, ಆಸ್ಪತ್ರೆಯ ಚೀಟಿ ಬೇಕಾದರೆ ತೋರಿಸುತ್ತೇನೆ ಅಂದೆ. ಅವನು ಡ್ರಿಲ್ಲಿನ ತುದಿಗೆ ಎಣ್ಣೆ ಹಾಕುತ್ತಾ ಪೂರ್ತಿ ಕೇಳಿಸಿಕೊಂಡ.

"ಅವತ್ತು ತಪ್ಪು ಒಪ್ಕೊಂಡಾಗ ಸ್ವಲ್ಪನಾದ್ರೂ ಮರ್ಯಾದೆ ಇತ್ತು ನಿನ್ ಮೇಲೆ" ಅಂದ. "ಈಗ ಅದನ್ನ ನನ್ನ ತಲೆಗೆ ಕಟ್ಟೋಕೆ ಬಂದ್ಯಾ?"

ಅವನು ನನ್ನ ಮೇಲಿನ ದ್ವೇಷಕ್ಕೆ ಹಾಗೆ ಅನ್ನಲಿಲ್ಲ. ನಂಬಿದ್ದ. ನಾನೇ ನಂಬಿಸಿದ್ದೆ. ವಾರದೊಳಗೆ ದಿಮ್ಮಿ ಮಾರುವವನಿಗೆ, ಕ್ರೇನಿನವನಿಗೆ, ಬಡಗಿ ಮೇಸ್ತ್ರಿಗೆ, ಎಲ್ಲರಿಗೂ ಅಣ್ಣನ ಬಾಯಿಂದ ಆ ಕಥೆ ಗೊತ್ತಾಗಿತ್ತು. ಪೇಟೆಯಲ್ಲಿ ಸಿಕ್ಕವರು ನನ್ನ ಬೆನ್ನು ತಟ್ಟಿ, "ಹೇಗಿದೀಯಪ್ಪಾ?" ಎಂದು ಬೇಕಾದ್ದಕ್ಕಿಂತ ಮೆತ್ತಗೆ ಕೇಳುತ್ತಿದ್ದರು.

ಹೊಸ ಮನೆ ಏಳುತ್ತಿದ್ದದ್ದು ಕಾರ್ಖಾನೆಯ ಗೋಡೆ ಮುಗಿದ ಮೇಲೆ ಸಿಗುವ ರಸ್ತೆಯ ಕೊನೆಯಲ್ಲಿ. ಕೊಂಡವರು ಒಬ್ಬ ನರ್ಸ್ ಮತ್ತು ಅವಳ ಅಕ್ಕ. ನಾನು ಮಂಗಳವಾರದಿಂದ ಮೂರು ದಿನ ಎದುರುಗಡೆ ಬಸ್ಸಿಗೆ ಕಾಯುವವನ ಹಾಗೆ ನಿಂತೆ. ಮೂರು ದಿನದಲ್ಲಿ ಎಷ್ಟು ಬಸ್ಸು ಬಿಟ್ಟೆನೋ ಲೆಕ್ಕವಿಲ್ಲ.

ಮೂರನೆಯ ದಿನ ಅಡುಗೆಮನೆಯ ಗೋಡೆ ಆರು ದಿಮ್ಮಿ ಎತ್ತರಕ್ಕೆ ಬಂದಿತ್ತು. ಅಣ್ಣ ಆರಕ್ಕೂ ಸರಿಯಾಗಿ ಕೊರೆದಿದ್ದ. ಅಳತೆಪಟ್ಟಿ ಇಟ್ಟು, ಗುರುತು ಹಾಕಿ, ಡ್ರಿಲ್ ನೆಟ್ಟಗೆ ಹಿಡಿದು ಕೊರೆಯುವಾಗ ಬೆಳ್ಳಗೆ ಮರದ ಹೊಟ್ಟು ಸುರಿಯುತ್ತಿತ್ತು. ನೋಡಿ ನನ್ನ ಎದೆ ಹಗುರಾಯಿತು. ಏಳನೆಯ ದಿಮ್ಮಿಗೆ ಗುರುತು ಹಾಕಿ ಡ್ರಿಲ್ ಕೈಗೆ ತೆಗೆದುಕೊಂಡ. ಆಗ ನರ್ಸ್ ಏನೋ ಕೇಳಿದಳು. ಅಣ್ಣ ಡ್ರಿಲ್ ಕೆಳಗಿಟ್ಟು ಅವಳಿಗೆ ವಿವರಿಸಲು ನಿಂತ. ಕೈ ಮೇಲೆತ್ತಿದ, ನಾಲ್ಕು ಬೆರಳು ತೋರಿಸಿದ, ಅಕ್ಕ ತಂಗಿ ಇಬ್ಬರೂ ನಕ್ಕರು. ವಿವರಣೆ ಮುಗಿಸಿ ತಿರುಗಿ ದಿಮ್ಮಿಯ ಕಡೆ ನೋಡಿದ. ಒಂದು ಕ್ಷಣ ನಿಂತ. ಆಮೇಲೆ ಕ್ರೇನಿನವನಿಗೆ ಎತ್ತು ಎಂದು ಸನ್ನೆ ಮಾಡಿದ.

ಆ ದಿಮ್ಮಿ ಇದ್ದ ಜಾಗದಲ್ಲಿ ಹೊಟ್ಟು ಬಿದ್ದಿರಲಿಲ್ಲ. ಒಂದು ಚಿಟಿಕೆಯೂ ಇರಲಿಲ್ಲ.

ನಾನು ರಸ್ತೆ ದಾಟಿ ಓಡಿದೆ. "ನಿಲ್ಸಿ! ತೂತು ಕೊರೆದಿಲ್ಲ! ಇಳಿಸಿ ಕೆಳಗೆ!"

ಕ್ರೇನ್ ನಿಂತಿತು. ದಿಮ್ಮಿ ಗಾಳಿಯಲ್ಲಿ ನೇತಾಡುತ್ತಿತ್ತು. ಬಡಗಿ ಮೇಸ್ತ್ರಿ ನಮ್ಮಿಬ್ಬರ ಜೊತೆ ಹದಿನೈದು ವರ್ಷ ಕೆಲಸ ಮಾಡಿದವನು. ಅವನು ನನ್ನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದ. ಅಣ್ಣ ಬೈಯುತ್ತಾನೆ ಎಂದು ನಾನು ಮೈ ಬಿಗಿ ಹಿಡಿದುಕೊಂಡೆ. ಬೈಯಲಿಲ್ಲ. ನಿಧಾನಕ್ಕೆ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ.

"ಕೊರೆದಿದೀನಿ ಕಣೋ" ಅಂದ. ದನಿಯಲ್ಲಿ ಸಿಟ್ಟಿನ ಹೆಸರೂ ಇರಲಿಲ್ಲ.

"ಇಲ್ಲ ಅಣ್ಣ. ಕಾಲಿಗೆ ಬೀಳ್ತೀನಿ, ಇಳಿಸಿ ಒಂದು ಸಲ ನೋಡು."

ಅಣ್ಣ ಆ ಅಕ್ಕ ತಂಗಿಯರ ಕಡೆ ತಿರುಗಿದ. "ನನ್ನ ತಮ್ಮ ಇವನು. ಒಳ್ಳೆ ಕೆಲಸಗಾರ ಆಗಿದ್ದ. ಪಾಪ, ಇತ್ತೀಚೆಗೆ ಮರೆವು. ಒಂದು ಮನೇಲಿ ಜಾಯಿಂಟ್ ಬಿಡೋದನ್ನೇ ಮರೆತುಬಿಟ್ಟ, ಆಮೇಲೆ ತಾನು ಮಾಡಿದ್ದು ಅನ್ನೋದನ್ನೂ ಮರೆತ. ಏನೂ ಅಂದ್ಕೋಬೇಡಿ." ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ನನಗಾಗಿ ಅಳುತ್ತಿದ್ದ.

ಬಗ್ಗಿ ದಿಮ್ಮಿಯ ಅಡಿ ನೋಡಲು ಅರ್ಧ ನಿಮಿಷ ಸಾಕಿತ್ತು. ಅಣ್ಣ ಕೊರೆದಿದ್ದೇನೆ ಅಂದ ಮೇಲೆ ಬಗ್ಗಿ ನೋಡುವುದು ಅಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ನಾನು ಅದರ ಕೆಳಗೆ ನುಗ್ಗಲು ಹೋದೆ. ಮೇಸ್ತ್ರಿ ನನ್ನ ತೋಳು ಹಿಡಿದುಕೊಂಡ. ಬಿಗಿಯಾಗಿ ಹಿಡಿದ, ಆದರೆ ನೋವಾಗದ ಹಾಗೆ. "ಬಾಪ್ಪಾ, ಈಚೆ ಬಾ. ಮೇಲೆ ಬಿದ್ದೀತು" ಅಂದ. ಇನ್ನೊಂದು ಕೈಯಿಂದ ಕ್ರೇನಿನವನಿಗೆ ಇಳಿಸು ಎಂದು ಸನ್ನೆ ಮಾಡಿದ.

ನರ್ಸ್ ಓಡಿಬಂದಳು. ನನ್ನ ಮುಖದ ಹತ್ತಿರ ಮುಖ ತಂದು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಇಲ್ಲಿ ನೆರಳಲ್ಲಿ ಕೂತ್ಕೊಳ್ಳಿ. ನೀರು ಕೊಡ್ತೀನಿ. ಇವತ್ತು ಯಾವ ದಿನ ಹೇಳಿ ನೋಡೋಣ?"

ಹಿಂದೆ ದಿಮ್ಮಿ ಕೂತ ಸದ್ದು ಕೇಳಿಸಿತು. ನಾನು ಗುರುವಾರ ಅಂದೆ.